ಆಪರೇಷನ್ ನಂತರ ಹೊಟ್ಟೆ ತೊಳಸಿದರೆ

ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಹತ್ತು ರೋಗಿಗಳಲ್ಲಿ ಸುಮಾರು ಮೂವರಿಗೆ ವಾಂತಿಯಾಗುತ್ತದೆ. ಹೊಟ್ಟೆ ತೊಳಸುವವರು ಇನ್ನೂ ಹೆಚ್ಚು. ಅರಿವಳಿಕೆಯ ಅನಿಲ ಮತ್ತು ನೋವಿಗೆ ಕೊಡುವ ಮಾರ್ಫಿನ್ ಜಾತಿಯ ಔಷಧ ಇದಕ್ಕೆ ಮುಖ್ಯ ಕಾರಣ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ಬಿ.ಪಿ. ಇಳಿದರೂ ವಾಕರಿಕೆ ಬರುತ್ತದೆ.

ತಡೆಯುವ ಕೆಲಸ ಹಿಂದಿನ ದಿನವೇ ಶುರುವಾಗಬೇಕು. ವಿಜಯಪುರ ಜಿಲ್ಲೆಯ ಹೊರ್ತಿಯಿಂದ ವಿಜಯಪುರ ನಗರಕ್ಕೆ ಸುಮಾರು 40 ಕಿ.ಮೀ. ಅಷ್ಟು ದೂರದ ಬಸ್ ಪ್ರಯಾಣದಲ್ಲೇ ವಾಂತಿ ಮಾಡಿಕೊಳ್ಳುವವರು ಅದನ್ನು ಅರಿವಳಿಕೆ ವೈದ್ಯರಿಗೆ ಹೇಳಲೇಬೇಕು. ಸಣ್ಣ ಮಾತೆಂದು ಎಷ್ಟೋ ಜನ ಬಾಯಿಬಿಡುವುದಿಲ್ಲ. ಆದರೆ ಅಪ್ಫೆಲ್ ಎಂಬ ವೈದ್ಯ 1999ರಲ್ಲಿ ಸಹೋದ್ಯೋಗಿಗಳ ಜತೆ ಪ್ರಕಟಿಸಿದ, ಆಪರೇಷನ್ ನಂತರದ ವಾಂತಿಯ ಸಾಧ್ಯತೆಯ ಲೆಕ್ಕದಲ್ಲಿರುವ ನಾಲ್ಕೇ ಅಂಶಗಳಲ್ಲಿ ಅದೂ ಒಂದು: ರೋಗಿ ಹೆಣ್ಣಾಗಿರುವುದು, ಬೀಡಿ-ಸಿಗರೇಟು ಸೇದದಿರುವುದು, ಪ್ರಯಾಣದಲ್ಲೋ ಹಿಂದಿನ ಆಪರೇಷನ್ನಿನಲ್ಲೋ ವಾಂತಿಯಾಗಿದ್ದುದು, ನಂತರ ಮಾರ್ಫಿನ್ ಜಾತಿಯ ಔಷಧ ಬೇಕಾಗುವುದು. ನಾಲ್ಕೂ ಇದ್ದರೆ ಸಾಧ್ಯತೆ ನೂರಕ್ಕೆ ಸುಮಾರು 80, ಒಂದೂ ಇಲ್ಲದಿದ್ದರೆ 10. (ಹಾಗೆಂದು ಬೀಡಿ ಹಚ್ಚಬೇಕಿಲ್ಲ.) ಮೊದಲೇ ಗೊತ್ತಾದರೆ ವೈದ್ಯರು ವಾಂತಿ ತಡೆಯುವ ಡೆಕ್ಸಾಮೆಥಾಸೋನ್, ಒಂಡಾನ್ಸೆಟ್ರಾನ್ ಕೊಟ್ಟಿರುತ್ತಾರೆ, ಅರಿವಳಿಕೆಗೆ ಅನಿಲದ ಬದಲು ಪ್ರೊಪೊಫಾಲ್ ಇಂಜೆಕ್ಷನ್ ಬಳಸಲೂಬಹುದು.

ಆಪರೇಷನ್ನಿಗೆ ಮುಂಚಿನ ಉಪವಾಸದ ಲೆಕ್ಕ ವೈದ್ಯರು ಹೇಳಿದಷ್ಟೇ. ಸಾಮಾನ್ಯವಾಗಿ ಎಣ್ಣೆ-ಮಾಂಸದ ಊಟಕ್ಕೆ 8 ಗಂಟೆ, ಹಗುರ ಊಟಕ್ಕೂ ಹಾಲಿಗೂ 6, ನೀರಿಗೆ 2. ಹಾಲು ಹಾಕಿದ ಚಹಾ ನೀರಲ್ಲ, ಹಾಲಿನ ಲೆಕ್ಕ.

ವಾರ್ಡಿಗೆ ಬಂದ ಮೇಲೆ ರೋಗಿಯನ್ನು ತಟ್ಟನೆ ಎಬ್ಬಿಸಿ ಕೂರಿಸಬಾರದು. ವಾಂತಿ ಬಂತೆಂದರೆ ಮೊದಲು ಮಗ್ಗುಲಿಗೆ ಹೊರಳಿಸಬೇಕು. ಮಂಪರಿನಲ್ಲಿ ಅಂಗಾತ ಮಲಗಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯಬಹುದು. ಹೊಟ್ಟೆಯ ಆಪರೇಷನ್ ಆಗಿದ್ದರೆ ಹೊಲಿಗೆಯ ಮೇಲೆ ಸಣ್ಣ ದಿಂಬನ್ನು ಮೆತ್ತಗೆ ಒತ್ತಿ ಹಿಡಿಯಬೇಕು. ಎಷ್ಟು ಸಲ ಆಯಿತು, ಯಾವ ಬಣ್ಣ ಎಂಬುದನ್ನು ನರ್ಸ್‌ಗೆ ತಿಳಿಸಬೇಕು. ಸಲೈನ್ ಸೂಜಿ ಇಲ್ಲದ ಕೈಯ ಒಳಬದಿಯಲ್ಲಿ, ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಕೆಲವರಿಗೆ ಆರಾಮ ಸಿಗುತ್ತದೆ. ವಿಜಯಪುರ ಜಿಲ್ಲೆಯ ಇಂಡಿ ಭಾಗದಲ್ಲಿ ಲಿಂಬೆಹಣ್ಣಿಗೆ ಬರವಿಲ್ಲ. ವಾಕರಿಕೆ ಬಂದಾಗ ರೋಗಿ ಅದನ್ನು ಮೂಸಲಿ, ತೊಂದರೆಯಿಲ್ಲ, ಶರಬತ್ತು ಮಾತ್ರ ವೈದ್ಯರು ಹೂಂ ಅಂದ ಮೇಲೆ.

ಮಾತಾಡಿಸಲು ಬಂದವರ ಅಕ್ಕರೆಯೇ ಹಲವು ಸಲ ತೊಂದರೆ ತರುತ್ತದೆ: ಒಬ್ಬರು ಎಳನೀರು, ಇನ್ನೊಬ್ಬರು ಇಡ್ಲಿ. ಬಾಯಿಗೆ ಕೊಡಲು ಒಪ್ಪಿಗೆ ಸಿಕ್ಕ ಮೇಲೆ ಎರಡು ಚಮಚ ನೀರು, ಹತ್ತು ನಿಮಿಷ ಬಿಟ್ಟು ಮತ್ತೆರಡು. ಅದು ಹೊಟ್ಟೆಯಲ್ಲಿ ನಿಂತರೆ ತೆಳು ಗಂಜಿ, ಆಮೇಲೆ ಮೆತ್ತನೆಯ ಅನ್ನ. ರೊಟ್ಟಿ, ಶೇಂಗಾ ಹಿಂಡಿ ಕಾಯಲಿ.

ಮನೆಗೆ ಬರುವಾಗ ವಾಹನದ ಮುಂದಿನ ಸೀಟಿನಲ್ಲಿ ಕೂರಿಸಿ ಕಿಟಕಿ ತೆಗೆಯಬೇಕು. ಹಸಿರು ಅಥವಾ ರಕ್ತದ ವಾಂತಿ, ಗಾಳಿ ಹೋಗದೆ ಉಬ್ಬಿದ ಹೊಟ್ಟೆ, ಇಡೀ ದಿನ ನೀರೂ ನಿಲ್ಲದಿರುವುದು, ಮೂತ್ರ ಕಡಿಮೆಯಾಗುವುದು, ಮಂಕು — ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಬೇಕು. ವಾಹನ ಇಲ್ಲದಿದ್ದರೆ 108.