ಪರಾಗದ ಕವಚ

ಗದ್ದೆಯಲ್ಲಿ ಹೊಡೆ ಬಿಚ್ಚಿ ಭತ್ತದ ತೆನೆ ಹೊರಬಂದಾಗ ಅದನ್ನು ಹೂವೆಂದು ಯಾರೂ ಮುಡಿಯುವುದಿಲ್ಲ. ಆದರೂ ತೆನೆಯ ಒಂದೊಂದು ಕಾಳೂ ಮೊದಲು ಒಂದು ಹೂವಾಗಿದ್ದುದೇ. ಹೊತ್ತೇರಿದಂತೆ ಅದರ ಸಿಪ್ಪೆಗಳು ಸ್ವಲ್ಪ ಕಾಲ ತೆರೆದುಕೊಳ್ಳುತ್ತವೆ, ಆರು ಕೇಸರಗಳು ಹೊರಕ್ಕೆ ತೂಗಾಡುತ್ತವೆ, ಪರಾಗ ಉದುರುತ್ತದೆ. ಹೊರಬಿದ್ದ ಭತ್ತದ ಪರಾಗಕ್ಕೆ ಕೆಲವೇ ನಿಮಿಷಗಳ ಆಯುಸ್ಸು. ಅಷ್ಟರೊಳಗೆ ಅದು ಶಲಾಕಾಗ್ರವನ್ನು ಸೇರಬೇಕು. ಸೇರಿದ ಪರಾಗವೇ ನಿರ್ಜೀವವಾಗಿದ್ದರೆ ಕಾಳು ಕಟ್ಟುವುದಿಲ್ಲ, ಜೊಳ್ಳು ಉಳಿಯುತ್ತದೆ.

ಭತ್ತದ ಪರಾಗರೇಣುವಿನ ಅಡ್ಡಳತೆ ಒಂದು ಮಿಲಿಮೀಟರಿನ ಸುಮಾರು 25ನೆಯ ಒಂದು ಭಾಗ. ಇಷ್ಟು ಸಣ್ಣ ವಸ್ತುವಿಗೂ ಎರಡು ಪೊರೆಗಳ ಗೋಡೆಯುಂಟು. ಒಳಪೊರೆ ಸೆಲ್ಯುಲೋಸ್ ಮತ್ತು ಪೆಕ್ಟಿನ್‌ಗಳಿಂದಾದುದು. ಹೊರಪೊರೆ ಸ್ಪೋರೋಪೊಲೆನಿನ್ ಎಂಬ ಅತಿ ಗಟ್ಟಿಯಾದ ವಸ್ತುವಿನಿಂದಾದುದು. ತೀಕ್ಷ್ಣ ಆಮ್ಲಗಳಿಗೂ ಇದು ಸುಲಭವಾಗಿ ಜಗ್ಗದು. ಮಣ್ಣಿನಲ್ಲಿ ಬೇಗ ಕೊಳೆಯದು. ಕೋಟ್ಯಂತರ ವರ್ಷಗಳಷ್ಟು ಹಳೆಯ ಶಿಲಾಸ್ತರಗಳಲ್ಲಿ ಪರಾಗದ ಕವಚಗಳು ಇಂದಿಗೂ ದೊರೆಯುವುದು ಇದರಿಂದಲೇ. ಧಾನ್ಯಸಸ್ಯಗಳ ಪರಾಗದಲ್ಲಿ ಈ ಕವಚಕ್ಕೆ ಒಂದೇ ಒಂದು ರಂಧ್ರ, ಅದಕ್ಕೊಂದು ಪುಟ್ಟ ಮುಚ್ಚಳ. ಪರಾಗನಾಳ ಹೊರಡುವುದು ಆ ಬಾಗಿಲಿನಿಂದ.

ವಿಸ್ಮಯದ ಸಂಗತಿಯೆಂದರೆ, ಹೊರಕವಚಕ್ಕೆ ಬೇಕಾದ ಸಾಮಗ್ರಿಯ ಬಹುಪಾಲನ್ನು ಪರಾಗ ತಾನೇ ತಯಾರಿಸಿಕೊಳ್ಳುವುದಿಲ್ಲ. ಪರಾಗಕೋಶದ ಗೋಡೆಯ ಅತ್ಯಂತ ಒಳಗಿನ ಪದರಕ್ಕೆ ಟಪೀಟಮ್ ಎಂದು ಹೆಸರು. ಬಾಣಂತಿಯ ಆರೈಕೆಗೆ ನಿಂತ ಮನೆಯವರಂತೆ ಈ ಪದರ ಎಳೆಯ ಪರಾಗಕ್ಕೆ ಆಹಾರವನ್ನೂ ಕವಚದ ಸಾಮಗ್ರಿಯನ್ನೂ ಒದಗಿಸುತ್ತದೆ. ಈ ದುಡಿಮೆಯನ್ನು ನಡೆಸುವವು ಪ್ರೋಟೀನುಗಳು.

ಅವುಗಳಲ್ಲಿ ಸಿವೈಪಿ704ಬಿ2 ಎಂಬುದು ಒಂದು ಕಿಣ್ವ. ಮೇದಾಮ್ಲದ ಉದ್ದನೆಯ ಸರಪಳಿಯ ತುದಿಗೆ ಆಮ್ಲಜನಕವನ್ನು ಸೇರಿಸುವುದು ಇದರ ಕೆಲಸ. ಕೆಲಸ ಅಲ್ಪವೆಂದು ತೋರಬಹುದು. ಆದರೆ ಈ ಕಿಣ್ವವಿಲ್ಲದ ಭತ್ತದ ಗಿಡವನ್ನು ಚೀನಾದ ಸಂಶೋಧಕರು ಪರೀಕ್ಷಿಸಿ, 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು: ಪರಾಗಕ್ಕೆ ಹೊರಕವಚವೇ ಮೂಡಿರಲಿಲ್ಲ, ಪರಾಗ ಬಲಿಯುವ ಮುನ್ನವೇ ನಾಶವಾಗಿತ್ತು. ಸಿದ್ಧವಾದ ಸಾಮಗ್ರಿಯನ್ನು ಟಪೀಟಮ್‌ನ ಜೀವಕೋಶಗಳಿಂದ ಹೊರಕ್ಕೆ ದಾಟಿಸುವುದು ಎಬಿಸಿಜಿ15 ಎಂಬ ಮತ್ತೊಂದು ಪ್ರೋಟೀನಿನ ಹೊಣೆ. ಅದು ಕೆಟ್ಟರೂ ಫಲ ಅದೇ. ಓಎಸ್‌ಸಿ6 ಎಂಬುದು ಮೇದವನ್ನು ಹೊತ್ತು ಸಾಗಿಸುವ ಕೂಲಿಯಾಳು.

ಟಪೀಟಮ್ ಕೊನೆಗೆ ತಾನೇ ಕರಗಿಹೋಗಬೇಕು; ಅದೂ ತಕ್ಕ ಕಾಲದಲ್ಲಿ. ಈ ಕಾಲವನ್ನು ನಿಯಂತ್ರಿಸುವ ಟಿಡಿಆರ್ ಎಂಬ ಪ್ರೋಟೀನು ಇಲ್ಲದಿದ್ದರೆ ಪದರದ ಅಳಿವು ತಡವಾಗಿ, ಪರಾಗ ಸಾಯುತ್ತದೆ. 2006ರಲ್ಲಿ ಇದು ತಿಳಿದುಬಂದಿತು.

ರೈತನಿಗೆ ನಷ್ಟವಾದ ಈ ಬಂಜೆತನ ತಳಿತಜ್ಞನಿಗೆ ಲಾಭ. ಭತ್ತ, ಗೋಧಿಗಳ ಹೂವು ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಫಲಿಸುತ್ತದೆ. ಆದುದರಿಂದ ಮಿಶ್ರತಳಿಯ ಬೀಜ ಬೇಕಾದರೆ ಒಂದು ಗಿಡದ ಪರಾಗವನ್ನು ನಿಷ್ಫಲಗೊಳಿಸಿ, ಇನ್ನೊಂದರ ಪರಾಗವನ್ನು ಅದಕ್ಕೆ ತಲುಪಿಸಬೇಕಾಗುತ್ತದೆ. ಲಕ್ಷಾಂತರ ಹೂಗಳ ಕೇಸರಗಳನ್ನು ಕೈಯಿಂದ ಕೀಳುವುದು ಆಗುವ ಮಾತಲ್ಲ. ಗೋಧಿಯಲ್ಲಿ ಎಂಎಸ್1 ಎಂಬ ಪ್ರೋಟೀನಿನ ವಂಶವಾಹಿಯನ್ನು 2017ರಲ್ಲಿ ಗುರುತಿಸಲಾಯಿತು. ಗೋಧಿಯಲ್ಲಿ ಇಂತಹ ವಂಶವಾಹಿಗೆ ಸಾಮಾನ್ಯವಾಗಿ ಮೂರು ಪ್ರತಿಗಳಿರುತ್ತವೆ. ಒಂದು ಕೆಟ್ಟರೆ ಉಳಿದೆರಡು ಕೈಹಿಡಿಯುತ್ತವೆ. ಎಂಎಸ್1ರ ವಿಷಯದಲ್ಲಿ ಮಾತ್ರ ಆ ಎರಡು ಮೌನವಾಗಿವೆ. ಹೀಗಾಗಿ ಕೆಲಸ ಮಾಡುವ ಆ ಒಂದೇ ಪ್ರತಿ ಕೆಟ್ಟರೆ ಗಿಡ ಪರಾಗಹೀನವಾಗುತ್ತದೆ. ಅದರ ಅಂಡಾಶಯಕ್ಕೆ ಮಾತ್ರ ಯಾವ ಊನವೂ ತಟ್ಟುವುದಿಲ್ಲ.