ಲಿಫ್ಟಿನ ಬಿಲ್ಲಿಗೆ ಅತ್ತೆಯವರು ಹೊಣೆಯಲ್ಲ
ಅಮ್ಮಾ, ಮಂಡಿನೋವಿನ ನಿಮ್ಮ ಅತ್ತೆಯವರು ದಿನಕ್ಕೆ ನಾಲ್ಕು ಸಲ ಲಿಫ್ಟ್ ಹತ್ತುವುದರಿಂದಲೇ ಕರೆಂಟ್ ಬಿಲ್ ಏರಿತೆಂದು ನೆರೆಯವರು ಆಡಿಕೊಳ್ಳುವುದು ಅನ್ಯಾಯ. 5 ಕಿಲೋವಾಟ್ ಮೋಟಾರು ಪೂರ್ತಿ ಶಕ್ತಿಯಲ್ಲಿ ಅರ್ಧ ನಿಮಿಷದಂತೆ ಓಡಿದರೂ 24 ಸಲಕ್ಕೆ ಒಂದು ಯೂನಿಟ್. ಅವರ ಪಾಲು ತಿಂಗಳಿಗೆ 5 ಯೂನಿಟ್. ಅಷ್ಟೂ ಆಗಲಿಕ್ಕಿಲ್ಲ. ರೋಪಿನ ಇನ್ನೊಂದು ತುದಿಯ ಕೌಂಟರ್‌ವೇಟ್ ಭಾರವನ್ನು ಬಹುಪಾಲು ಸರಿದೂಗಿಸುತ್ತದೆ. ಒಬ್ಬರು ಮೇಲೇರುವುದಕ್ಕಿಂತ ಖಾಲಿ ಲಿಫ್ಟ್ ಕೆಳಗಿಳಿಯುವಾಗಲೇ ಮೋಟಾರಿಗೆ ಹೆಚ್ಚು ದುಡಿಮೆ, ತನಗಿಂತ ಭಾರವಾದ ಆ ಕೌಂಟರ್‌ವೇಟನ್ನು ಮೇಲೆತ್ತಬೇಕಲ್ಲ!

ಇವತ್ತು ರಾತ್ರಿ ಹನ್ನೊಂದಕ್ಕೆ ಲಿಫ್ಟ್ ಬಾಗಿಲ ಗಾಜಿನಲ್ಲಿ ನೋಡಿ. ಒಳಗೆ ಯಾರೂ ಇಲ್ಲದೆ ಟ್ಯೂಬ್‌ಲೈಟ್ ಉರಿಯುತ್ತ ಫ್ಯಾನ್ ತಿರುಗುತ್ತಿದ್ದರೆ, ಎರಡೂ ಸೇರಿ 100 ವಾಟ್ ಎಂದರೂ ಹಗಲಿರುಳು ಓಡಿದರೆ ತಿಂಗಳಿಗೆ 72 ಯೂನಿಟ್. ತಾನಾಗಿ ಆರುವ ಸ್ವಿಚ್ ಹಾಕಿಸಿ. ಕಾಮನ್ ಮೀಟರಿನಲ್ಲಿ ನೀರಿನ ಪಂಪೂ ಸೇರಿರಬಹುದು. ಲಿಫ್ಟಿಗೆ ಪ್ರತ್ಯೇಕ ಸಬ್‌ಮೀಟರ್ ಕೇಳಿ. ಅತ್ತೆಯವರನ್ನು ಮಾತ್ರ ಮೆಟ್ಟಿಲು ಹತ್ತಿಸಬೇಡಿ.