ಪುಟ್ಟ ವಿಮಾನ ಕಲಿಯಲು ಹೊರಟವರಿಗೆ

"ಪ್ಲೇನ್ ಹಾರಿಸೋದು ಕಲೀಬೇಕು ಸರ್, ಎಷ್ಟಾಗುತ್ತೆ?" ಎಂದು ಕೇಳಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು, ಹವ್ಯಾಸಕ್ಕೋ ಕೆಲಸಕ್ಕೋ ಎಂದು. ಸ್ವಂತ ಖುಷಿಗೆ ಹಾರುವವರಿಗೆ ಪಿಪಿಎಲ್, ಅಂದರೆ ಖಾಸಗಿ ಪೈಲಟ್ ಲೈಸೆನ್ಸ್ ಸಾಕು. ಹದಿನೇಳು ತುಂಬಿರಬೇಕು, ಎಸ್ಸೆಸ್ಸೆಲ್ಸಿ ಆಗಿರಬೇಕು, ಕನಿಷ್ಠ 40 ಗಂಟೆ ಹಾರಿರಬೇಕು. ಸಂಬಳಕ್ಕೆ ಹಾರಬೇಕಾದರೆ ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಲೈಸೆನ್ಸ್ ಬೇಕು. ಅದಕ್ಕೆ ಹದಿನೆಂಟು ವರ್ಷ, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ, 200 ಗಂಟೆ ಹಾರಾಟ. ಎರಡಕ್ಕೂ ಮೊದಲ ಮೆಟ್ಟಿಲು ವಿದ್ಯಾರ್ಥಿ ಲೈಸೆನ್ಸ್. ಅದನ್ನು 16ನೇ ವಯಸ್ಸಿಗೇ ಪಡೆಯಬಹುದು.

ಆದರೆ ಯಾವ ಶಾಲೆಗೂ ಒಂದು ರೂಪಾಯಿ ಕಟ್ಟುವ ಮುನ್ನ ವೈದ್ಯಕೀಯ ಪರೀಕ್ಷೆ ಮುಗಿಸಿ. ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇರುವ ವೈದ್ಯರಲ್ಲಿ ಮೊದಲು ಕ್ಲಾಸ್ 2, ಸಿಪಿಎಲ್ ಗುರಿಯಾದರೆ ಆಮೇಲೆ ಕ್ಲಾಸ್ 1. ಕನ್ನಡಕ ಇದೆಯೆಂದು ಹಿಂಜರಿಯುವುದು ಬೇಡ, ಸರಿಪಡಿಸಿದ ದೃಷ್ಟಿ ನೆಟ್ಟಗಿದ್ದರೆ ಸಾಕು. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ಅದು ಮೊದಲೇ ತಿಳಿಯಬೇಕು, ಹಣ ಕಟ್ಟಿದ ಮೇಲಲ್ಲ.

ಪಾಠಗಳು ಹೆದರಿಸುವಂಥವಲ್ಲ. ವಾಯುಯಾನ ನಿಯಮ, ಹವಾಮಾನ, ದಾರಿ ಲೆಕ್ಕ, ವಿಮಾನದ ತಾಂತ್ರಿಕ ವಿಷಯ, ರೇಡಿಯೋ ಸಂಭಾಷಣೆ. ಇವುಗಳಲ್ಲಿ ಹವಾಮಾನವನ್ನು ಪರೀಕ್ಷೆಗೆಂದು ಮಾತ್ರ ಓದಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯನ್ನೇ ನೋಡಿ, ಅದರ ರನ್‌ವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿ ಗಾಳಿ ಮೊದಲೇ ತೆಳು; ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಇನ್ನೂ ತೆಳುವಾಗುತ್ತದೆ. ರೆಕ್ಕೆಗೂ ಪ್ರೊಪೆಲ್ಲರಿಗೂ ಎಂಜಿನ್ನಿಗೂ ಸಿಗುವ ಗಾಳಿ ಕಡಿಮೆ. ಬೆಳಗ್ಗೆ ಸಲೀಸಾಗಿ ಎದ್ದ ಅದೇ ವಿಮಾನ ಮಧ್ಯಾಹ್ನ ಹೆಚ್ಚು ದೂರ ಓಡಿ, ನಿಧಾನವಾಗಿ ಏರುತ್ತದೆ. ಪುಸ್ತಕದಲ್ಲಿ ಇದನ್ನು ಹೇಳುವ ಆ ಒಂದು ಪುಟ ನಿಮ್ಮ ಜೀವ ಕಾಯುವ ಪುಟ.

ಹಾರಾಟದ ದಿನ ಶುರುವಾಗುವುದು ನೆಲದ ಮೇಲೆ. ಸೆಸ್ನಾ 172 ವಿಮಾನದ ರೆಕ್ಕೆಯ ಕೆಳಗೆ ನಿಂತು, ಪಾರದರ್ಶಕ ಸಣ್ಣ ಕಪ್ಪನ್ನು ಇಂಧನ ಟ್ಯಾಂಕಿನ ಡ್ರೈನ್‌ಗೆ ಒತ್ತಿ ಸ್ವಲ್ಪ ಪೆಟ್ರೋಲ್ ಹಿಡಿಯಬೇಕು. ಅದು 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲ್, ತಿಳಿನೀಲಿ ಬಣ್ಣ. ರಾತ್ರಿಯ ತೇವದಿಂದ ನೀರು ಸೇರಿದ್ದರೆ ಬಣ್ಣವಿಲ್ಲದ ಹನಿಗಳಾಗಿ ತಳದಲ್ಲಿ ಕೂತಿರುತ್ತದೆ. ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ. ನೀರು ಕಂಡರೆ ಅದು ಪೂರ್ತಿ ಹೋಗುವವರೆಗೂ ಮತ್ತೆ ಮತ್ತೆ ಹಿಡಿಯಿರಿ. ಅವಸರದಲ್ಲಿ ಕಣ್ಣು ಹಾಯಿಸಿ ಚೆಲ್ಲುವ ಹುಡುಗರನ್ನು ನಾನು ಆ ದಿನ ಹಾರಲು ಬಿಡುವುದಿಲ್ಲ.

ಮೇಲೇರುವುದು, ತಿರುಗುವುದು, ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ಸ್ಟಾಲ್‌ನಿಂದ ಚೇತರಿಸಿಕೊಳ್ಳುವುದು ಬೇಗ ಕೈಗೆ ಬರುತ್ತವೆ. ಕಾಡುವುದು ಇಳಿಯುವುದು. ರನ್‌ವೇ ಸುತ್ತ ಡೌನ್‌ವಿಂಡ್, ಬೇಸ್, ಫೈನಲ್ ಎಂದು ಸರ್ಕ್ಯೂಟ್ ಹೊಡೆದು ಬರುತ್ತೀರಿ. ನೆಲ ಸಮೀಪಿಸಿದಂತೆ ಹೊಸಬರ ಕಣ್ಣು ಮೂತಿಯ ಮುಂದಿನ ನೆಲಕ್ಕೇ ಅಂಟಿಕೊಳ್ಳುತ್ತದೆ, ಆಗ ಎತ್ತರ ಅಂದಾಜಿಗೆ ಸಿಗುವುದಿಲ್ಲ. ದೃಷ್ಟಿಯನ್ನು ರನ್‌ವೇಯ ಆಚೆ ತುದಿಗೆ ಒಯ್ಯಿರಿ. ಪವರ್ ಪೂರ್ತಿ ತೆಗೆದು, ಕಂಟ್ರೋಲ್ ಕಾಲಮ್ಮನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತ, ವಿಮಾನ ತಾನಾಗಿ ಕೂರುವವರೆಗೆ ಕಾಯಿರಿ. ಇದು ಕೈಗೆ ಹತ್ತಿದ ದಿನ ಬೋಧಕರು ಬಾಗಿಲು ತೆಗೆದು ಇಳಿದು, ನಿಮ್ಮೊಬ್ಬರನ್ನೇ ಕಳಿಸುತ್ತಾರೆ. ಒಬ್ಬರ ಭಾರ ಇಳಿದದ್ದಕ್ಕೆ ವಿಮಾನ ನೀವೆಣಿಸಿದ್ದಕ್ಕಿಂತ ಚುರುಕಾಗಿ ಏರುತ್ತದೆ, ಗಾಬರಿಯಾಗಬೇಡಿ.

ಈಗ ದುಡ್ಡಿನ ವಿಚಾರ. ಗಂಟೆಯ ದರ ಶಾಲೆಯಿಂದ ಶಾಲೆಗೆ ಬೇರೆ. ಸುಮಾರು 15,000 ರೂಪಾಯಿ ಎಂದಿಟ್ಟುಕೊಂಡರೆ 40 ಗಂಟೆಗೆ ಆರು ಲಕ್ಷ. ಆದರೆ ಕನಿಷ್ಠ ಗಂಟೆಗಳಲ್ಲೇ ತಯಾರಾಗುವವರು ಕಡಿಮೆ. ಇನ್ನೂ ಹತ್ತಿಪ್ಪತ್ತು ಗಂಟೆಯ ಹಣ ತೆಗೆದಿಟ್ಟುಕೊಂಡೇ ಬನ್ನಿ. ಸಿಪಿಎಲ್‌ಗೆ ಹಾಸ್ಟೆಲ್, ಪರೀಕ್ಷೆ, ಎರಡು ಎಂಜಿನ್ ವಿಮಾನದ ತರಬೇತಿ ಸೇರಿ ಅರ್ಧ ಕೋಟಿಯ ಆಸುಪಾಸು. ಏರ್‌ಲೈನ್‌ನ ದೊಡ್ಡ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್ ಇದರಲ್ಲಿ ಸೇರಿಲ್ಲ.

ಇಷ್ಟೇಕೆ? ಸೆಸ್ನಾ 172 ಗಂಟೆಗೆ ಮೂವತ್ತು ಲೀಟರ್ ಮೇಲೆ ಕುಡಿಯುತ್ತದೆ. 100 ಗಂಟೆಗೊಮ್ಮೆ ತಪಾಸಣೆ, 2,000 ಗಂಟೆಯ ಸುಮಾರಿಗೆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ. ಆ ಖರ್ಚಿನ ಪಾಲು ನೀವು ಹಾರುವ ಪ್ರತಿ ಗಂಟೆಯಲ್ಲೂ ಕೂತಿದೆ. ಜೊತೆಗೆ, ಸಾಮಾನ್ಯವಾಗಿ ಲೆಕ್ಕ ಹಿಡಿಯುವುದು ವಿಮಾನ ನೆಲ ಬಿಟ್ಟಾಗಿನಿಂದಲ್ಲ, ಚಕ್ರದ ಅಡೆ ತೆಗೆದು ಹೊರಟಾಗಿನಿಂದ ಮತ್ತೆ ಅಡೆ ಇಡುವವರೆಗೆ. ಜೆಟ್ ವಿಮಾನ ಇಳಿಯಲೆಂದು ರನ್‌ವೇ ಬದಿಯಲ್ಲಿ ಕಾದ ಹತ್ತು ನಿಮಿಷಕ್ಕೂ ನೀವೇ ದುಡ್ಡು ಕೊಟ್ಟಿರುತ್ತೀರಿ.

ಇಷ್ಟಾದರೂ ಹಣ ಹೆಚ್ಚು ಸೋರುವುದು ಇಲ್ಲೆಲ್ಲೂ ಅಲ್ಲ, ಎರಡು ಹಾರಾಟಗಳ ನಡುವಿನ ಬಿಡುವಿನಲ್ಲಿ. ವಾರಕ್ಕೆ ಮೂರು ನಾಲ್ಕು ಸಲ ಹಾರುವವರು ಮುಂದೆ ಸಾಗುತ್ತಾರೆ. ತಿಂಗಳಿಗೊಮ್ಮೆ ಹಾರುವವರು ಪ್ರತಿಸಲವೂ ಹಳೆಯ ಪಾಠವನ್ನೇ ಹೊಸದಾಗಿ ದುಡ್ಡು ಕೊಟ್ಟು ಕಲಿಯುತ್ತಾರೆ. ಅದಕ್ಕೇ ಅರ್ಧ ಹಣ ಕೈಯಲ್ಲಿದ್ದಾಗ ಶುರುಮಾಡಿ ನಿಲ್ಲಿಸುವುದಕ್ಕಿಂತ, ಒಂದು ವರ್ಷ ತಡವಾದರೂ ಪೂರ್ತಿ ಕೂಡಿಟ್ಟು ಬನ್ನಿ ಎನ್ನುತ್ತೇನೆ. ಮಳೆಗಾಲದ ಕೆಳಮೋಡ ವಾರಗಟ್ಟಲೆ ಹಾರಲು ಬಿಡದಿರಬಹುದು. ಥಿಯರಿ ಪರೀಕ್ಷೆಗಳನ್ನು ಆಗ ಮುಗಿಸಿ, ಮಳೆ ಕಳೆದ ಮೇಲೆ ಹಾರಾಟಕ್ಕೆ ಇಳಿಯಿರಿ. ಮನೆಯಲ್ಲಿ ಕಾಕ್‌ಪಿಟ್ಟಿನ ಚಿತ್ರ ಗೋಡೆಗೆ ಅಂಟಿಸಿ, ಕುರ್ಚಿಯಲ್ಲಿ ಕೂತು, ಒಂದೊಂದು ಸ್ವಿಚ್ಚಿಗೂ ಕೈಯಿಟ್ಟು ಚೆಕ್‌ಲಿಸ್ಟ್ ಗಟ್ಟಿಯಾಗಿ ಹೇಳಿಕೊಳ್ಳಿ. ಈ ಅಭ್ಯಾಸಕ್ಕೆ ಬಿಲ್ ಬರುವುದಿಲ್ಲ.

ಇನ್ನು ಶಾಲೆಯ ಆಯ್ಕೆ. ಜಕ್ಕೂರಲ್ಲದೆ ಮೈಸೂರು, ಕಲಬುರಗಿ, ಬೆಳಗಾವಿಯಲ್ಲೂ ತರಬೇತಿ ನಡೆದಿದೆ. ಮೊದಲು ಡಿಜಿಸಿಎ ಮಾನ್ಯತೆಯ ಪಟ್ಟಿಯಲ್ಲಿ ಹೆಸರು ನೋಡಿ. ಪೂರ್ತಿ ಶುಲ್ಕವನ್ನು ಒಂದೇ ಕಂತಿನಲ್ಲಿ ಕೊಡಬೇಡಿ. ಅರ್ಧಕ್ಕೆ ಬಿಟ್ಟರೆ ಎಷ್ಟು ವಾಪಸ್ ಎಂಬುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಎಷ್ಟು ವಿಮಾನಗಳಿವೆ ಎಂದು ಕೇಳಬೇಡಿ, ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ, ಅವಕ್ಕೆ ಎಷ್ಟು ವಿದ್ಯಾರ್ಥಿಗಳು, ಎಷ್ಟು ಬೋಧಕರು ಎಂದು ಕೇಳಿ. ಆಮೇಲೆ ಹೊರಗೆ ಚಹಾ ಕುಡಿಯುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಮಾತಾಡಿಸಿ, ಒಬ್ಬರ ಲಾಗ್‌ಬುಕ್ ತೋರಿಸಲು ವಿನಂತಿಸಿ. ಒಟ್ಟು ಗಂಟೆಯನ್ನು ನೋಡಬೇಡಿ, ಎಡಗಡೆ ಕಾಲಮ್ಮಿನ ತಾರೀಖುಗಳ ನಡುವೆ ಎಷ್ಟು ದಿನ ಖಾಲಿ ಹೋಗಿದೆ ಎಂದು ನೋಡಿ.